ಕೆಂಪವ್ವ ನೆಟ್ಟ ಕಬ್ಬು

ಅಲಖನೂರಿನ ತೋಟದ ವಸ್ತಿಯಲ್ಲಿ ಹಾಲು ಕೂಡಿಸುವ ತಗಡಿನ ಶೆಡ್ಡು. ಸಂಜೆಯ ಮಳೆ ಬಿಡುವಂತಿರಲಿಲ್ಲ, ಹಾಲಿನ ವ್ಯಾನೂ ಬಂದಿರಲಿಲ್ಲ. ಹೆಂಗಸರು ಕ್ಯಾನುಗಳನ್ನಿಟ್ಟುಕೊಂಡು ಮುದುಕ ಕಾಸಿಮಸಾಬನ ಸುತ್ತ ಕುಳಿತಿದ್ದರು. ಹೊಸ ಸೊಸೆ ದಾನೇಶ್ವರಿಗೆ ಇದು ತನ್ನ ಸ್ವಂತ ಎಮ್ಮೆಯ ಹಾಲು ಹಾಕುವ ಮೊದಲ ದಿನ. ಹಾಲು ಕೆಟ್ಟೀತೆಂದು ಅವಳಿಗೆ ಒಂದೇ ಚಿಂತೆ. ವ್ಯಾನು ಬಂತೇ ಎಂದು ಹಳ್ಳದ ಸೇತುವೆ ದಾಟಿ ನೋಡಿ ಬಂದಿದ್ದಳು. ಅಲ್ಲಿ ಸಿಕ್ಕ ಹಸಿ ಕಬ್ಬೊಂದನ್ನು ಎಮ್ಮೆಗೆಂದು ಕಿತ್ತು ತಂದಿದ್ದಳು.

"ಯಾಕವ್ವಾ ಹಂಗ ಮಾರಿ ಸಣ್ಣ ಮಾಡಿದಿ? ಶಿವರಾಜ ವ್ಯಾನ್ ತರ್ತಾನ," ಎಂದ ಕಾಸಿಮಸಾಬ. "ಈಗ ಡಾಂಬರ ರಸ್ತಾ ಐತಿ, ಅರ್ಧ ತಾಸಿನ್ಯಾಗ ಹಾಲು ರಾಯಬಾಗ ಮುಟ್ಟತೈತಿ, ಮನಿಗೆ ನಾಕ್ ನಾಕ್ ಎಮ್ಮಿ ಕಟ್ಟೀರಿ. ಆಗ ಏನಿತ್ತು? ಎರಿ ಮಣ್ಣು, ಮೊಣಕಾಲ ಮಟಾ ರಾಡಿ... ಹಾಲಿನ ಕೊಡಾ ಹೊತ್ತು ಮುಂದ ಹೋದಾಕಿ, ನೆಲಾ ಸಡ್ಲಾದಲ್ಲಿ ಒಂದು ಕಬ್ಬು ನೆಡಬೇಕು, ಹಿಂದಿನವರು ಅದನ್ನ ಕಂಡು ಬಳಸಿ ಹೋಗಬೇಕು. ನಮ್ಮ ವಸ್ತಿ ಕೆಂಪವ್ವ ಯಾವತ್ತೂ ಮುಂದಿನಾಕಿ. ಮಂದಿಗೆಲ್ಲಾ ಆಕಿ ನೆಟ್ಟಳು... ಆಕಿಗೆ ನೆಡಾವ್ರು ಯಾರಿದ್ರು ಹೇಳ್ರಿ? ಒಂದು ಮಳಿಗಾಲ ಹಳ್ಳದಾಗ ಕೊಡ ಸಿಕ್ತು, ಆಕಿ ಸಿಗಲಿಲ್ಲ."

ಅವನು ಎಲೆಯಡಿಕೆ ಬಾಯಿಗೆ ಹಾಕಿಕೊಂಡ.

"ಮರುದಿನಾ ಎಲ್ಲಾರಕ್ಕಿಂತ ಮೊದಲ ನಾ ಹೊಂಟೆ. ಹಾದ್ಯಾಗ ಒಂದು ಹೆಜ್ಜಿ ಗುರ್ತಿಲ್ಲ, ಆದ್ರ ಹಸಿ ಕಬ್ಬು ನಿಂತೈತಿ... ನಗಬ್ಯಾಡ್ರಿ, ನಾನೂ ನಕ್ಕಾಂವನ. ನಕ್ಕು ದಾಟಿದೆ, ಎದಿ ಮಟಾ ಹೂತು ಹೋದೆ. ಹಗ್ಗಾ ಹಾಕಿ ಎಳದ್ರು."

"ರಸ್ತಾ ಆದ ಮ್ಯಾಲೂ ಆ ಕಬ್ಬು ಕಂಡೈತೇನ್ರಿ ಅಜ್ಜಾ?" ಎಂದಳು ದಾನೇಶ್ವರಿ.

"ಇಲ್ಲವ್ವಾ. ಆಕಿಗೂ ಸಮಾಧಾನ ಆತು ಅಂದ್ಕೊಂಡೀನಿ." ಅಷ್ಟರಲ್ಲಿ ಅವನ ಕಣ್ಣು ಅವಳ ಕ್ಯಾನಿನ ಪಕ್ಕಕ್ಕೆ ಬಿತ್ತು. "ಆ ಕಬ್ಬು ಎಲ್ಲೀದು? ಈ ಮಳ್ಯಾಗ ಕಬ್ಬು ಯಾರ ಕಡದಾರ?"

"ಹಳ್ಳದ ಪೂಲಿನ ಆಚೆ... ರಸ್ತಾದ ನಡುವ ನಿಂತಿತ್ರಿ."

ದೂರದಲ್ಲಿ ವ್ಯಾನಿನ ಹಾರ್ನು ಕೇಳಿಸಿತು. ದಾನೇಶ್ವರಿ ಕಬ್ಬು ಹಿಡಿದು ಮಳೆಯಲ್ಲಿ ಓಡಿದಳು. ಶಿವರಾಜನಿಗೆ ಏನಾದರೂ ಆದರೆ ಅದು ಗುರುತು ಕಿತ್ತ ತನ್ನಿಂದಲೇ ಎಂದು ಅವಳಿಗೆ ಅಳು ಬಂತು.

ಸೇತುವೆ ಅರ್ಧ ಕುಸಿದು ಹಳ್ಳಕ್ಕೆ ಹೋಗಿತ್ತು. ಆಚೆ ಬದಿಯಲ್ಲಿ ವ್ಯಾನು ನಿಂತಿತ್ತು, ಶಿವರಾಜ ಕೆಳಗಿಳಿದಿದ್ದ.

"ಚಲೋ ಮಾಡಿದಿ ತಂಗಿ," ಎಂದು ಕೂಗಿದ. "ನೀ ಈ ಕಬ್ಬು ನೆಟ್ಟಿರದಿದ್ರ ನಾ ಒಳಗ ಹೋಗತಿದ್ನಿ."

ವ್ಯಾನಿನ ಬೆಳಕಿನಲ್ಲಿ ಒಂದು ಹಸಿ ಕಬ್ಬು ನೆಟ್ಟಗೆ ನಿಂತಿತ್ತು. ಅವಳು ಕಿತ್ತದ್ದು ಅವಳ ಕೈಯಲ್ಲೇ ಇತ್ತು.

ಹಿಂದೆಯೇ ಬಂದ ಹೆಂಗಸರು ಹೊಲದ ಬದುವಿನ ಮೇಲೆ ಬಳಸಿ, ಹಳ್ಳ ಕಿರಿದಾದಲ್ಲಿ ಕೈಯಿಂದ ಕೈಗೆ ದಾಟಿಸಿ ಕ್ಯಾನುಗಳನ್ನೆಲ್ಲ ವ್ಯಾನಿಗೇರಿಸಿದರು. ದಾನೇಶ್ವರಿಯ ಹಾಲೂ ಕೆಡದೆ ಹೋಯಿತು. ಅವರೊಂದಿಗೆ ಬಂದಿದ್ದ ಕಾಸಿಮಸಾಬ ಆಚೆ ನಿಂತ ಕಬ್ಬನ್ನೇ ನೋಡುತ್ತಿದ್ದ.

"ರಸ್ತಾ ಬಂತಂತ ನಾವು ಹೊರೂದು ಬಿಟ್ವಿ," ಎಂದ. "ಆಕಿ ಬಿಟ್ಟಿಲ್ಲ. ಇನ್ನೂ ಮುಂದ ನಡದಾಳ."