ಪಂಪಿನಲ್ಲಿ ಉಳಿದ ಲೀಟರು

ನನ್ನ ಚಿಕ್ಕಪ್ಪನ ಮಗ ಆ ರಾತ್ರಿ ಬಾವಿಯ ದಾರಿ ಹಿಡಿದದ್ದು ಧೈರ್ಯದಿಂದಲ್ಲ, ಸೋಮಾರಿತನದಿಂದ. ಆಸ್ಪತ್ರೆಯ ಮುಂದಿನ ಗೇಟಿನಿಂದ ಬಸ್ ನಿಲ್ದಾಣಕ್ಕೆ ಹದಿನೈದು ನಿಮಿಷ. ಹಿಂದುಗಡೆ, ಬಟ್ಟೆ ಒಗೆಯುವ ಕಟ್ಟಡದ ಪಕ್ಕದಿಂದ ನುಸುಳಿದರೆ ಐದು. ಅಲ್ಲೊಂದು ಹಳೆಯ ಬಾವಿ. ನೀರಿಲ್ಲ. ಮೇಲೆ ಕಬ್ಬಿಣದ ಜಾಲರಿ, ಜಾಲರಿಗೆ ಬೀಗ. ಬೀಗದ ಕೈ ಯಾರ ಹತ್ತಿರ ಇದೆಯೆಂದು ಆಸ್ಪತ್ರೆಯಲ್ಲಿ ಯಾರಿಗೂ ಗೊತ್ತಿಲ್ಲ.

ದೆವ್ವ ಕಂಡೆ ಎನ್ನುವವರನ್ನು ನಾನು ಸಾಕಷ್ಟು ನೋಡಿದ್ದೇನೆ. ಅರ್ಧ ಜನ ಕುಡಿದಿರುತ್ತಾರೆ. ಉಳಿದರ್ಧ ಜನಕ್ಕೆ ತಡವಾದದ್ದಕ್ಕೆ ಹೆಂಡತಿಯ ಮುಂದೆ ಕಾರಣ ಬೇಕಿರುತ್ತದೆ. ಇವನು ಕುಡಿಯುವುದಿಲ್ಲ. ಮದುವೆಯೂ ಆಗಿಲ್ಲ. ಹಾಗಾಗಿ ಕೇಳಿದೆ... ಅಷ್ಟೇ.

ಹನ್ನೊಂದು ಗಂಟೆ. ಬಾವಿಯ ಹತ್ತಿರ ಬಂದಾಗ ಒಂದು ಸದ್ದು.

ಸ್ರ್‌ರ್... ಸ್ರ್‌ರ್‌ಕ್... ಲೋಟದ ತಳದ ಶರಬತ್ತನ್ನು ಕೊಳವೆ ಹಾಕಿ ಎಳೆದರೆ ಬರುತ್ತದಲ್ಲ, ಹಾಗೆ. ಬೇರೆ ಯಾರಾದರೂ ಆಗಿದ್ದರೆ ಇಲಿ ಎಂದುಕೊಂಡು ಹೋಗುತ್ತಿದ್ದರು. ಇವನ ಹೊಟ್ಟೆಪಾಡೇ ಆ ಸದ್ದು. ಎದೆ ತೆರೆದು ಆಪರೇಷನ್ ಮಾಡುವಾಗ ಹೃದಯವನ್ನು ನಿಲ್ಲಿಸುತ್ತಾರೆ. ಅದರ ಬದಲು ರಕ್ತ ಓಡಿಸಲು ಒಂದು ಪಂಪು. ಆ ಪಂಪು ನಡೆಸುವವನು ಇವನು. ಮನೆಯಲ್ಲಿ ಇವನಿಗೆ ಪಂಪು ಅಂತಲೇ ಹೆಸರು. ಎದೆಯೊಳಗೆ ಚೆಲ್ಲಿದ ರಕ್ತವನ್ನು ಹೀರುವ ಕೊಳವೆ ಮಾಡುವ ಸದ್ದು ಅದು.

ಅದರ ಹಿಂದೆಯೇ ಇನ್ನೊಂದು. ಝುಂ... ಝುಂಯ್... ಝೀಂಯ್... ಹೀರಿದ ರಕ್ತವನ್ನು ಗಿರಗಿರ ತಿರುಗಿಸಿ ತೊಳೆಯುವ ಯಂತ್ರ ಇದೆ. ತೊಳೆದದ್ದನ್ನು ರೋಗಿಗೇ ಮರಳಿ ಕೊಡುತ್ತಾರೆ. ಆ ಯಂತ್ರ ವೇಗ ಹಿಡಿಯುವ ಸದ್ದು. ಬತ್ತಿದ ಬಾವಿಯ ತಳದಿಂದ.

ಟಕ್ ಎಂದು ನಿಂತಿತು.

ಆಮೇಲೆ ಮಾತು. ಬಾವಿಯಿಂದಲ್ಲ... ಇವನ ಬಲಗಿವಿಯ ಪಕ್ಕದಲ್ಲಿ.

"ಕೊಟ್ಟೆ ಅಂತ ಬರೆದಿದ್ದೀಯ."

ಇವನು ತಿರುಗಲಿಲ್ಲ.

"ನನಗೆ ಸೇರಲಿಲ್ಲ."

"ಅಕ್ಕಾ... ತಪ್ಪಾಯ್ತು."

"ತಪ್ಪು ಅಂತ ಎಲ್ಲಿ ಬರೆದಿದ್ದೀಯ?"

ಸ್ರ್‌ರ್... ಮತ್ತೆ ಶುರುವಾಯಿತು. ಈ ಸಲ ಚಪ್ಪಲಿಯ ಹತ್ತಿರ.

ಬಸ್ಸು ಬಿಟ್ಟು ಓಡಿದವನು ನಿಂತದ್ದು ನನ್ನ ಮನೆ ಬಾಗಿಲಲ್ಲಿ. ಹನ್ನೆರಡಾಗುತ್ತಿತ್ತು. ಒಂದು ಚಪ್ಪಲಿ ಇರಲಿಲ್ಲ. ನೀರು ಕೊಟ್ಟೆ. ಇಷ್ಟನ್ನೂ ಹೇಳಿದ.

"ಯಾರು ಆ ಅಕ್ಕ?" ಎಂದೆ.

"ಹೋದ ವಾರ ತೀರಿಕೊಂಡ ಪೇಷೆಂಟು."

"ಏನು ಕೊಟ್ಟೆ ಅಂತ ಬರೆದಿದ್ದೀಯ?"

ಲೋಟ ಕೆಳಗಿಟ್ಟ. ನನಗೆ ಆಗಲೇ ಸಿಟ್ಟು ಬಂತು. ದೆವ್ವ ಕಂಡದ್ದನ್ನು ಗಡಗಡ ಹೇಳಿದವನು ಇಲ್ಲಿಗೆ ಬಂದು ನಾಲಿಗೆ ನುಂಗಿಕೊಂಡಿದ್ದ. ಬೈದು ಬೈದು ಬಾಯಿ ಬಿಡಿಸಬೇಕಾಯಿತು.

ಆಕೆ ದರ್ಜಿ. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಊದಿಕೊಂಡಿತ್ತು, ಬದಲಾಯಿಸಬೇಕಿತ್ತು. ತೊಡಕು ಅದಲ್ಲ. ಹಿಂದೊಮ್ಮೆ ಬೇರೆಯವರ ರಕ್ತ ಹಾಕಿಸಿಕೊಂಡ ಮೇಲೆ ಆಕೆಯ ಮೈ ಪರರ ರಕ್ತದ ಮೇಲೆ ಹಗೆ ಸಾಧಿಸುತ್ತಿತ್ತು. ನೂರು ಚೀಲ ರಕ್ತ ಹುಡುಕಿದರೆ ಒಂದೋ ಎರಡೋ ಹೊಂದಿದರೆ ಹೆಚ್ಚು. ಆದ್ದರಿಂದ ಆಕೆಯ ರಕ್ತವೇ ಆಕೆಗೆ ಸಾಲಬೇಕು. ಎರಡು ತಿಂಗಳು ಕಬ್ಬಿಣಾಂಶದ ಇಂಜೆಕ್ಷನ್ ಕೊಟ್ಟು ಮೈಯಲ್ಲಿ ರಕ್ತ ಹೆಚ್ಚಿಸಿದರು. ಪರೀಕ್ಷೆಗೆ ಮಕ್ಕಳ ಸಣ್ಣ ಟ್ಯೂಬಿನಲ್ಲಿ ತೆಗೆದರು. ಒಂದು ತೊಟ್ಟು ಚೆಲ್ಲಿದವನು ಮತ್ತೆ ನನ್ನ ಥಿಯೇಟರಿಗೆ ಕಾಲಿಡಬಾರದು ಎಂದು ದೊಡ್ಡ ಡಾಕ್ಟರು ಎಲ್ಲರ ಮುಂದೆ ಹೇಳಿದ್ದರು.

ಹಿಂದಿನ ದಿನ ಇವನೇ ಹೋಗಿ ಆಕೆಗೆ ವಿವರಿಸಿದ್ದ. ಚೆಲ್ಲಿದ್ದನ್ನು ತೊಳೆದು ಕೊಡ್ತೀವಿ, ಕೊನೆಯಲ್ಲಿ ಪಂಪಿನ ಪೈಪಿನಲ್ಲಿ ಒಂದು ಲೀಟರಿನಷ್ಟು ಉಳಿಯುತ್ತೆ, ಅದನ್ನೂ ಕೊಡ್ತೀವಿ ಅಂತ.

"ಗ್ಯಾರಂಟಿನಾ?" ಎಂದಳಂತೆ. "ನಾನು ಗಿರಾಕಿಗೆ ಬಟ್ಟೆಯ ಚೂರೂ ವಾಪಸ್ ಕೊಡ್ತೀನಿ. ಎಲ್ಲ ದರ್ಜಿಗಳೂ ಕೊಡಲ್ಲ."

"ನಾನು ಕೊಡ್ತೀನಿ ಅಕ್ಕ."

ಬೆಳಿಗ್ಗೆ ಹತ್ತಕ್ಕೆ ಶುರುವಾದದ್ದು ರಾತ್ರಿ ಹತ್ತೂ ನಲವತ್ತಕ್ಕೆ ಮುಗಿಯಿತು. ಚೆನ್ನಾಗಿಯೇ ಆಗಿತ್ತು. ಹೊರಗಿನ ಒಂದು ಚೀಲವೂ ಬೇಕಾಗಿರಲಿಲ್ಲ. ಆಕೆಯನ್ನು ತಳ್ಳಿಕೊಂಡು ಹೋಗುವಾಗ ಅರಿವಳಿಕೆ ಡಾಕ್ಟರು ಕೇಳಿದರು, "ಪಂಪಲ್ಲಿ ಉಳಿದಿದ್ದು?"

"ತೊಳೆದು ಮೇಲೆ ಐಸಿಯುಗೆ ಕಳಿಸ್ತೀನಿ ಸರ್."

ತೊಳೆಯಲು ಅರ್ಧ ಗಂಟೆ ಬೇಕು. ಕೊನೆಯ ಬಸ್ಸು ಹನ್ನೊಂದೂ ಕಾಲಿಗೆ. ಥಿಯೇಟರಿನಲ್ಲಿ ಇವನೊಬ್ಬನೇ. ಆಪರೇಷನ್ ಗೆದ್ದಾಗಿದೆ, ಇನ್ನೊಂದು ಲೀಟರಿಗೆ ಏನು ಮಹಾ ಎಂದುಕೊಂಡ. ಪೈಪು ಕತ್ತರಿಸಿ, ರಕ್ತದ ಸಮೇತ ಕಸದ ಚೀಲಕ್ಕೆ ಹಾಕಿದ. ಕೇಸ್ ಫೈಲಿನಲ್ಲಿ 'ಉಳಿದ ರಕ್ತ ಮರಳಿ ಕೊಡಲಾಗಿದೆ' ಎಂದು ಬರೆದು ಸಹಿ ಮಾಡಿದ. ಬಸ್ಸು ಸಿಕ್ಕಿತು. ಕಿಟಕಿ ಪಕ್ಕದ ಸೀಟು.

ಆ ರಾತ್ರಿ ಆಕೆಯ ರಕ್ತದ ಮಟ್ಟ ಇಳಿಯಿತು. ಉಳಿದದ್ದನ್ನೂ ಕೊಟ್ಟಾಗಿದೆ ಅಂತ ಫೈಲಿನಲ್ಲಿದೆ, ಆದರೂ ಇಳಿಯುತ್ತಿದೆ ಎಂದರೆ ಒಳಗೆಲ್ಲೋ ಸೋರುತ್ತಿರಬೇಕು... ಹಾಗೆಂದುಕೊಂಡು ಹೊಲಿದ ಎದೆಯನ್ನು ಮತ್ತೆ ತೆರೆದರು. ಸೋರಿಕೆ ಇರಲಿಲ್ಲ. ತೆರೆದದ್ದರಿಂದ ಇನ್ನಷ್ಟು ಹೋಯಿತು. ಬೇರೆ ದಾರಿಯಿಲ್ಲದೆ, ಇದ್ದುದರಲ್ಲಿ ವಾಸಿ ಅನ್ನಿಸಿದ ಎರಡು ಚೀಲ ಹಾಕಿದರು. ಮೈ ಒಪ್ಪಲಿಲ್ಲ. ಮೂತ್ರಪಿಂಡ ನಿಂತಿತು. ಮೂರನೇ ದಿನ ಹೋದಳು.

"ಮೂರು ದಿನ ಇತ್ತಲ್ಲೋ ನಿನಗೆ," ಎಂದೆ. "ಮಾರನೇ ಬೆಳಿಗ್ಗೆ ಹೇಳಿದ್ದರೂ ಏನೋ ಒಂದು ದಾರಿ ನೋಡ್ತಿದ್ರು."

"ಕೆಲಸ ಹೋಗ್ತಿತ್ತು ಅಣ್ಣ."

"ಈಗ ಉಳಿದಿದೆ. ಸಂತೋಷ ತಾನೆ?"

"ನೀನು ನನ್ನ ನಂಬ್ತೀಯೋ ಇಲ್ವೋ?"

"ದೆವ್ವ ನಂಬಲ್ಲ. ನೀನು ಸುಳ್ಳು ಬರೆದದ್ದು ನಂಬ್ತೀನಿ."

ಬಾಗಿಲಿಗೆ ಬೀಗ ಹಾಕಿ ಅವನನ್ನು ಹಜಾರದಲ್ಲಿ ಮಲಗಿಸಿದೆ. ಓಡಿಹೋಗುವ ಆಸಾಮಿ ಅವನು. ಅವನು ಮಲಗಲಿಲ್ಲ, ನನ್ನನ್ನೂ ಬಿಡಲಿಲ್ಲ. ಅವನ ಫೋನು ನನ್ನ ಹತ್ತಿರವೇ ಇತ್ತು. ಬೆಳಿಗ್ಗೆ ಏಳಕ್ಕೆ ಆಕೆಯ ಗಂಡನ ಮನೆಗೆ ಎಳೆದುಕೊಂಡು ಹೋದೆ. ಇದನ್ನು ಮೊದಲು ಕೇಳಬೇಕಾದವನು ಆ ಗಂಡ.

ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸುವ ಮನುಷ್ಯ. ಮೂರನೇ ಮಹಡಿ. ಬಾಗಿಲು ಅರ್ಧ ತೆರೆದು ಚಿಲಕದ ಮೇಲೆ ಕೈ ಇಟ್ಟುಕೊಂಡೇ ನಿಂತ. ಒಳಗೆ ಬನ್ನಿ ಅನ್ನಲಿಲ್ಲ. ಇವನು ಶುರು ಮಾಡಿದ.

"ಸರ್... ನಿಮ್ಮ ಮನೆಯವರ ಆಪರೇಷನ್ ದಿನ ನಾನು..."

"ಗೊತ್ತು."

"ಅದಲ್ಲ ಸರ್, ಪಂಪಲ್ಲಿ ಉಳಿದಿದ್ದ ರಕ್ತ..."

"ಗೊತ್ತು ಅಂದೆನಲ್ಲ. ಪೈಪನ್ನ ನಾಲ್ಕು ತುಂಡು ಮಾಡಿ ಕಸಕ್ಕೆ ಹಾಕಿದ್ದೀಯ."

ನಾನು ಮಧ್ಯೆ ಬಾಯಿ ಹಾಕಿದೆ. "ಯಾರು ಹೇಳಿದ್ರು ನಿಮಗೆ?"

"ಅವಳೇ. ನಿನ್ನೆ ರಾತ್ರಿ." ನನ್ನ ಕಡೆ ನೋಡಲೂ ಇಲ್ಲ. ಇವನನ್ನೇ ನೋಡುತ್ತ, ಮೆಲ್ಲಗೆ ಕೇಳಿದ. "ಆ ದೊಡ್ಡ ಡಾಕ್ಟರಿಗೆ ನೀನೇ ಹೇಳ್ತೀಯೋ... ಅದನ್ನೂ ಅವಳ ಕೈಲೇ ಹೇಳಿಸಬೇಕೋ?"

ಬಾಗಿಲು ಮುಚ್ಚಿತು. ಚಿಲಕ ಕಟಕ್ ಎಂದಿತು. ಆಮೇಲೆ ಮೇಲಿನ ಚಿಲಕ.

ಅಂದೇ ಮಧ್ಯಾಹ್ನ ಇವನು ಎಲ್ಲವನ್ನೂ ಕೈಯಾರೆ ಬರೆದು ಕೊಟ್ಟ. ದೊಡ್ಡ ಡಾಕ್ಟರು ಓದಿದರು. ಬೈಯಲಿಲ್ಲ. ಬಾಗಿಲ ಕಡೆ ಕೈ ತೋರಿಸಿದರು. ಈಗ ಇವನು ನೀರಿನ ಫಿಲ್ಟರ್ ರಿಪೇರಿ ಮಾಡುತ್ತಾನೆ. ಮುಂದಿನದು ವಿಚಾರಣೆ, ವಕೀಲರು. ಅದು ಕತೆಯಲ್ಲ.

ಗಂಡನಿಗೆ ಆಸ್ಪತ್ರೆಯವರು ಯಾರೋ ಹೇಳಿರಬೇಕು ಎಂದು ನೀವು ಹೇಳುತ್ತೀರಿ. ನಾನೂ ಮೊದಲು ಹೇಳಿದ್ದು ಅದನ್ನೇ. ಆದರೆ ಹೇಳಲು ಯಾರಿಗೂ ಗೊತ್ತಿರಲಿಲ್ಲ. ಕಸದ ಚೀಲ ಅಂದೇ ರಾತ್ರಿ ಆಸ್ಪತ್ರೆಯ ಕಸ ಸುಡುವ ಕುಲುಮೆಗೆ ಹೋಗಿತ್ತು, ಬಿಚ್ಚಿ ನೋಡುವ ಹುಚ್ಚು ಯಾರಿಗೂ ಇಲ್ಲ. ನನಗೆ ಇವನು ಹೇಳಿದ್ದು 'ಪೈಪು ಕತ್ತರಿಸಿದೆ' ಎಂದಷ್ಟೇ.

ಗಂಡನ ಮನೆಯಿಂದ ಇಳಿಯುವಾಗ ಎರಡನೇ ಮಹಡಿಯ ಮೆಟ್ಟಿಲ ಮೇಲೆ ಇವನನ್ನು ನಿಲ್ಲಿಸಿ ಕೇಳಿದ್ದೆ. "ನಾಲ್ಕು ತುಂಡಾ?"

"ನಾನು ಎಣಿಸಿಲ್ಲ ಅಣ್ಣ," ಎಂದ. ಕಣ್ಣು ಮುಚ್ಚಿ, ಗಾಳಿಯಲ್ಲಿ ಕತ್ತರಿ ಆಡಿಸಿ ನೋಡಿದ. ಇಲ್ಲಿ... ಇಲ್ಲಿ... ಇಲ್ಲಿ. "ಮೂರು ಕಡೆ ಕತ್ತರಿಸಿದ್ದೆ."

ನಾನು ಅಲ್ಲೇ ನಿಂತಿದ್ದೆ, ನನ್ನ ಕಿವಿಯಾರೆ ಕೇಳಿದ್ದು. ಉದ್ದನೆಯ ಪೈಪನ್ನು ಮೂರು ಕಡೆ ಕತ್ತರಿಸಿದರೆ ನಾಲ್ಕು ತುಂಡು.