ಪಕ್ಕೆಲುಬಿನ ಪೆಟ್ಟಿಗೆ

೨೦೨೩ರ ಏಪ್ರಿಲ್ ಹನ್ನೊಂದು, ಮಂಗಳವಾರ. ಎಲೆ ಅಲುಗದಂಥ ಸೆಕೆ.

ಶಿರಾದಲ್ಲಿ ನಮ್ಮ ಪಕ್ಕದ ಮನೆಯ ಯಾಸೀನ್ ಕಂಪ್ಯೂಟರ್ ರಿಪೇರಿ ಮಾಡುತ್ತಾನೆ. ಇದು ಅವನಿಗೆ ಆದದ್ದು. ರಂಜಾನ್ ತಿಂಗಳು. ಬಸ್ಸಿನಲ್ಲೇ ಖರ್ಜೂರ ತಿಂದು ಉಪವಾಸ ಬಿಟ್ಟಿದ್ದ. ಕೊಡಿಗೇನಹಳ್ಳಿಯಲ್ಲಿ ಇಳಿದಾಗ ಅಂಗಡಿಗಳೆಲ್ಲ ಮುಚ್ಚಿದ್ದವು. ಹೆಗಲ ಮೇಲೆ ಒಂದು ಆಫೀಸ್ ಕಂಪ್ಯೂಟರ್. ಊರಾಚೆಯ ಹಾಳು ಬಾವಿ ದಾಟುವಾಗ ಒಳಗೆ ಏನೋ ‘ಗುಳುಕ್’ ಎಂದಿತು... ಕಪ್ಪೆ ಇರಬೇಕು. ತಿರುಗಿ ನೋಡುವಷ್ಟು ತ್ರಾಣ ಅವನಲ್ಲಿರಲಿಲ್ಲ.

ಬಾವಿಯಾಚೆ ಗಂಗಾಂಬಿಕಾ ಅವರ ಕೋಲ್ಡ್ ಸ್ಟೋರೇಜ್. ಸುತ್ತಲ ಹಳ್ಳಿಗಳ ಹೆಂಗಸರು ಬೀಜ ಬಿಡಿಸಿದ ಹುಣಸೆಹಣ್ಣೆಲ್ಲ ಅದರೊಳಗೆ. ತಂಪು ನಡೆಸುವ ಕಂಪ್ಯೂಟರ್ ಹಿಂದಿನ ದಿನವೇ ಕೆಟ್ಟಿತ್ತು. ಇನ್ನೊಂದು ರಾತ್ರಿ ತಂಪು ತಪ್ಪಿದರೆ ಹಣ್ಣು ಬೆವೆತು ಕಪ್ಪಾಗುತ್ತಿತ್ತು.

ಕಾವಲಿನ ತಿಪ್ಪೇಶ್ ಟಾರ್ಚ್ ಬಿಟ್ಟು ತೋರಿಸಿದ. ಕೆಟ್ಟ ಕಂಪ್ಯೂಟರ್ ಎಂದರೆ ಗೋಡೆಯಲ್ಲಿ ಲೋಹದ ಒಂದು ಪುಟ್ಟ ಪೆಟ್ಟಿಗೆ. ಪರದೆಯಿಲ್ಲ, ಕೀಬೋರ್ಡಿಲ್ಲ, ಫ್ಯಾನೂ ಇಲ್ಲ. ಬೆನ್ನ ಮೇಲೆ ಪಕ್ಕೆಲುಬಿನಂಥ ಏಣುಗಳು; ಒಳಗಿನ ಬಿಸಿ ಅವುಗಳ ಮೂಲಕವೇ ಆರಬೇಕು. ಧೂಳು ನುಗ್ಗಲು ಒಂದು ತೂತಿಲ್ಲ. ಕಾರ್ಖಾನೆಗೆಂದೇ ಮಾಡಿದ್ದು.

“ಇದರ ಜಾಗ್ದಾಗೆ ನಿಂದನ್ನ ಇಕ್ತೀಯಾ?” ತಿಪ್ಪೇಶ್ ಕೇಳಿದ.

“ಎಲ್ಲಾ ಒಂದೇ ತಿಪ್ಪೇಶಣ್ಣ. ನಿನ್ನ ಮೊಬೈಲೂ ಕಂಪ್ಯೂಟ್ರೇ, ಕಂಡಕ್ಟರ್ ಕೈಲಿರೋ ಟಿಕೆಟ್ ಮಿಷಿನ್ನೂ ಕಂಪ್ಯೂಟ್ರೇ. ಆಕಾರ ಬೇರೆ, ಅಷ್ಟೆ.”

“ಮೇಕೆಗೂ ನಾಕು ಕಾಲು, ಎತ್ಗೂ ನಾಕು ಕಾಲು. ಗಾಡಿಗೆ ಮೇಕೆ ಕಟ್ತೀಯೇನಪ್ಪಾ?”

ಯಾಸೀನ್ ನಗಲಿಲ್ಲ. ಪೆಟ್ಟಿಗೆ ಬಿಚ್ಚಿ, ಅದರ ಪ್ರೋಗ್ರಾಂ ತನ್ನದಕ್ಕೆ ಇಳಿಸಿ, ವೈರು ಜೋಡಿಸಿದ. ‘ಗರ್ರ್...’ ಕಂಪ್ರೆಸರ್ ಎದ್ದಿತು. ಹಳೆಯದನ್ನು ಗೋಣಿಚೀಲದ ಮೇಲಿಟ್ಟ.

“ರಾತ್ರಿ ಯಾರು ನೋಡ್ಕೋತಾರೆ?”

“ಕದಿರಯ್ಯ ಇದ್ದ. ಯುಗಾದಿ ಹಿಂದ್ಲ ವಾರ ತೀರ್ಕೊಂಬುಟ್ಟ. ಗಳಿಗೆಗೊಂದು ಸಲ ಪೆಟ್ಟಿಗೆ ಮುಟ್ಟಿ ನೋಡಿ, ಉಂಗುರದಾಗೆ ಟಣ್, ಟಣ್ ಅಂತ ತಟ್ಟೋನು. ‘ಎದ್ದಿದ್ದೀಯೇನ್ಲಾ’ ಅಂತ ಮಾತಾಡ್ಸೋನು.”

ತಿಪ್ಪೇಶ್ ಗೇಟಿಗೆ ಹೋದ. ಯಾಸೀನ್ ಗೋಡೆಗೆ ಒರಗಿದ. ಕಣ್ಣು ಎಳೆಯುತ್ತಿತ್ತು.

‘ಕಿರ್ರ್... ಕಿರ್ರ್...’

ಅವನ ಕಂಪ್ಯೂಟರಿನ ಫ್ಯಾನು. ಹುಣಸೆ ಸಿಪ್ಪೆಯ ಧೂಳನ್ನು ಎಳೆದುಕೊಂಡಿತ್ತು. ‘ಟಕ್’. ನಿಂತಿತು. ಕಂಪ್ರೆಸರೂ ನಿಂತಿತು. ಏಳಬೇಕು ಎಂದುಕೊಂಡ. ಕಾಲು ಏಳಲಿಲ್ಲ.

ಆಗ... ಟಣ್. ಟಣ್.

ಗೋಣಿಚೀಲದ ಕಡೆಯಿಂದ. ಹಿಂದೆಯೇ ಪಿಸುದನಿ.

“ಎದ್ದಿದ್ದೀಯೇನ್ಲಾ?”

ಕೇಳಿದ್ದು ಪೆಟ್ಟಿಗೆಯನ್ನೋ, ತನ್ನನ್ನೋ... ಯಾಸೀನನಿಗೆ ಇಂದಿಗೂ ಗೊತ್ತಿಲ್ಲ.

“ಎದ್ದಿದ್ದೀನಿ,” ಎಂದ.

‘ಗರ್ರ್...’

ಬೆಳಿಗ್ಗೆ ಗಂಗಾಂಬಿಕಾ ಬಂದರು. ಹಣ್ಣು ತಣ್ಣಗೆ, ಕೆಂಪಗೆ ಇತ್ತು. ಯಾಸೀನನ ಕಂಪ್ಯೂಟರಿನಿಂದ ಸುಟ್ಟ ವಾಸನೆ. ಹಳೆಯ ಪೆಟ್ಟಿಗೆ ಚೀಲದ ಮೇಲೆಯೇ ಇತ್ತು, ಒಂದು ವೈರೂ ಇಲ್ಲದೆ. ಮುಟ್ಟಿದವರು ಕೈ ಹಿಂದಕ್ಕೆ ಎಳೆದುಕೊಂಡರು. ಸುಡುತ್ತಿತ್ತು.

“ರಾತ್ರಿ ಯಾರು ನಡೆಸಿದ್ದು?”

“ನಾನಲ್ಲ ಅಕ್ಕ.”

ರಾತ್ರಿ ಕೇಳಿದ್ದನ್ನೆಲ್ಲ ಯಾಸೀನ್ ಹೇಳಿದ; ಅವರು ನಂಬಿದರು. ನಾನೂ ಯಾಸೀನನನ್ನು ಕೆದಕಲಿಲ್ಲ. ಅವನು ಸುಳ್ಳು ಹೇಳುವವನಲ್ಲ. ಅವನಿಗೆ ಸಿಕ್ಕಿದ್ದು ಬಸ್ ಚಾರ್ಜು. ರಾತ್ರಿ ಪಾಳಿಯ ಕೂಲಿಯನ್ನು, ಪೂರ್ತಿ, ಗಂಗಾಂಬಿಕಾ ಅವನೆದುರಿಗೇ ಕದಿರಯ್ಯನ ಹೆಂಡತಿ ಈಶ್ವರಮ್ಮನನ್ನು ಕರೆಸಿ ಕೈಯಲ್ಲಿಟ್ಟರು.

“ಯಾವತ್ತಿನ ಕೂಲಿ ಅಮ್ಮಾವ್ರೇ ಇದು?”

“ನಿನ್ನೆ ರಾತ್ರಿದು ಕಣಮ್ಮ.”