ಸರಸಳ ಹೊಸ ವಿಳಾಸ

ಅಯ್ಯೋ, ಆ ಕಡೆ ಬೇಡ... ಅಲ್ಲಿ ಅಮ್ಮ ಸಂಡಿಗೆ ಹಾಕಿದ್ದಾರೆ, ಇನ್ನೂ ಒಣಗಿಲ್ಲ. ಈ ನೀರಿನ ಟ್ಯಾಂಕಿನ ಪಕ್ಕ ಬನ್ನಿ. ಇಲ್ಲಿ ಗಾಳಿನೂ ಚೆನ್ನಾಗಿ ಬರುತ್ತೆ. ಆ ಎರಡು ಬಿಲ್ಡಿಂಗ್ ನಡುವೆ ನೋಡಿ, ಒಂದು ಚೂರು ಸಮುದ್ರ ಕಾಣಿಸುತ್ತೆ. ಆ ಒಂದು ಚೂರಿಗೋಸ್ಕರ ಅಪ್ಪ ಬಂದವರನ್ನೆಲ್ಲ ಟೆರೇಸಿಗೆ ಹತ್ತಿಸಿ, 'ಬೆಸೆಂಟ್ ನಗರದಲ್ಲಿ ಸೀ ವ್ಯೂ ಯಾರಿಗಿದೆ ಹೇಳಿ' ಅಂತಾರೆ. ನಗಬಹುದು ನೀವು. ನಾವೂ ನಗ್ತೀವಿ.

ಕಾಫಿ ಆರಿಹೋಗುತ್ತೆ, ಕುಡೀರಿ.

ಏನಂದ್ರಿ? ...ಹೂಂ, ಕೆಳಗೆ ನಾನು ಒಂದು ಮಾತೂ ಆಡಲಿಲ್ಲ. ನಿಮ್ಮಮ್ಮ 'ಹಾಡು ಬರುತ್ತಾ ಸುಮೇಧಾ' ಅಂದಾಗ ತಲೆ ಆಡಿಸಿದೆ. ಬರುತ್ತೆ ಅಂತಲೋ ಬರಲ್ಲ ಅಂತಲೋ ಅವರಿಗೂ ಗೊತ್ತಾಗಿರಲ್ಲ, ಪಾಪ. ಮೊದಲಿಂದಲೂ ಹೀಗೇ ನಾನು. ಕಾನ್ವೆಂಟಿನಲ್ಲಿ ಸಿಸ್ಟರ್ ಪ್ರತಿ ವರ್ಷ ರಿಪೋರ್ಟ್ ಕಾರ್ಡಿನಲ್ಲಿ ಬರೀತಿದ್ದರು, ಹುಡುಗಿ ಜಾಣೆ, ಬಾಯಿ ಬಿಟ್ಟರೆ ಇನ್ನೂ ಒಳ್ಳೇದು ಅಂತ. ಮತ್ತೆ ನನ್ನ ಕನ್ನಡ... ಮನೆಯೊಳಗಿನ ಕನ್ನಡ ಅಷ್ಟೆ. ಅಲ್ಲಲ್ಲಿ ತಮಿಳು ನುಗ್ಗಿದರೆ ತಪ್ಪು ತಿಳೀಬೇಡಿ. ಚೆನ್ನೈ ಅಂತ ಹೆಸರಿಟ್ಟು ಆರೇಳು ವರ್ಷ ಆಯ್ತು, ನಮ್ಮಪ್ಪನ ಬಾಯಲ್ಲಿ ಇನ್ನೂ ಮದ್ರಾಸೇ.

'ಹುಡುಗ ಹುಡುಗಿ ಹತ್ತು ನಿಮಿಷ ಮೇಲೆ ಹೋಗಿ ಮಾತಾಡ್ಕೊಂಡು ಬರಲಿ' ಅಂದರಲ್ಲ ಗುಂಡಣ್ಣ ಮಾಮ, ಅದಕ್ಕೇ ನಾನು ಬೆಳಗ್ಗೆಯಿಂದ ಕಾಯ್ತಿದ್ದೆ. ಸಂಬಂಧ ತಂದವರು ಅವರೇ ಆದ್ದರಿಂದ ಅವರು ಹೇಳಿದರೆ ಅಪ್ಪ ಇಲ್ಲ ಅನ್ನಲ್ಲ. ಹತ್ತು ಜನರ ಮುಂದೆ ನನಗೆ ಮಾತೇ ಹೊರಡಲ್ಲ. ಒಬ್ಬರೇ ಇದ್ದರೆ... ನೋಡಿ, ನಿಲ್ಲಿಸೋದೇ ಗೊತ್ತಾಗ್ತಿಲ್ಲ.

ನನ್ನ ಕೆಲಸಾನಾ? ಅಪ್ಪ 'ಆಫೀಸ್ ಕೆಲಸ' ಅಂದಿರ್ತಾರೆ. ರೈಲ್ವೆಯಲ್ಲಿದ್ದವರು, ಅವರಿಗೆ ಇದನ್ನ ಹೇಳೋಕೆ ನಾಚಿಕೆ. ಈ ದೊಡ್ಡ ದೊಡ್ಡ ಕಂಪನಿಗಳಿಗೆ ಹೊಸಬರು ಸೇರ್ತಾರಲ್ಲ, ಅವರು ಕೊಟ್ಟ ವಿವರ ನಿಜವಾ ಅಂತ ನೋಡೋದು. ಡಿಗ್ರಿ ನಿಜವಾ, ಹಿಂದಿನ ಕೆಲಸ ನಿಜವಾ, ಆ ವಿಳಾಸದಲ್ಲಿ ಮನೆ ಅಂತ ಒಂದು ಇದೆಯಾ...

ಅಯ್ಯಯ್ಯೋ ಇಲ್ಲಪ್ಪ! ಪತ್ತೇದಾರಿ ಎಲ್ಲ ಇಲ್ಲ! ಕಪ್ಪು ಕನ್ನಡಕ ಹಾಕ್ಕೊಂಡು ಯಾರ ಹಿಂದೆ ಹೋಗಲಿ ನಾನು, ರಸ್ತೆ ದಾಟೋಕೇ ಹೆದರ್ತೀನಿ. ನಾನು ನೋಡೋದೆಲ್ಲ ಯಾರು ಬೇಕಾದರೂ ಕೇಳಿ ನೋಡಬಹುದಾದ ಕಾಗದಗಳು. ಹಳೇ ಟೆಲಿಫೋನ್ ಡೈರೆಕ್ಟರಿ. ಹೆಸರು ಬದಲಾಯಿಸಿಕೊಂಡವರ ಗೆಜೆಟ್. ರಿಜಿಸ್ಟ್ರಾರ್ ಆಫೀಸು, ಓಟರ್ ಲಿಸ್ಟು. ಯಾರೂ ಬಚ್ಚಿಟ್ಟಿರಲ್ಲ. ಯಾರೂ ನೋಡೋಕೆ ಹೋಗಲ್ಲ, ಅಷ್ಟೆ. ನನ್ನಂಥವಳಿಗೆ ಹೇಳಿ ಮಾಡಿಸಿದ ಕೆಲಸ. ಮನುಷ್ಯರನ್ನ ದಿಟ್ಟಿಸಿ ನೋಡಿದರೆ ಅವರು ತಿರುಗಿ ನೋಡ್ತಾರೆ... ಕಾಗದಕ್ಕೆ ಆ ಅಭ್ಯಾಸ ಇಲ್ಲ.

ನಿಮಗಿಂತ ಮುಂಚೆ ಇಬ್ಬರು ಬಂದುಹೋದರು, ಗೊತ್ತಾ? ಒಬ್ಬರು ಬ್ಯಾಂಕ್ ಮ್ಯಾನೇಜರ್ ಅಂದ್ರು. ಬ್ಯಾಂಕು ನಿಜ. ಕೂರೋದು ಕ್ಯಾಷ್ ಕೌಂಟರಿನಲ್ಲಿ. ಕೂರಲಿ, ನನಗೇನು? ಸುಳ್ಳು ಯಾಕೆ ಅಂತ. ಇನ್ನೊಬ್ಬರು ವಯಸ್ಸು ಎಷ್ಟು ಇಳಿಸಿ ಹೇಳಿದ್ದರು ಅಂದ್ರೆ, ಓಟರ್ ಲಿಸ್ಟ್ ತೆಗೆದರೆ ತಾವು ಅಕ್ಕ ಅಂತ ಹೇಳಿದವರಿಗೇ ಅಣ್ಣ ಆಗಿಹೋಗಿದ್ದಾರೆ! ...ಹೂಂ, ನಗಿ. ನಮ್ಮಪ್ಪ ನಗಲಿಲ್ಲ. 'ನಾನು ಅಳಿಯನ್ನ ಹುಡುಕಿ ತಂದರೆ ನೀನು ಕಳ್ಳನ್ನ ಹುಡುಕ್ತೀಯಲ್ಲೇ' ಅಂದ್ರು. ನಿಮ್ಮ ಫೋಟೋ ಬಂದ ದಿನವೇ ಹೇಳಿಬಿಟ್ಟರು, ಈ ಹುಡುಗನ ವಿಷಯದಲ್ಲಿ ನಿನ್ನ ಬಾಯಿಂದ ಒಂದಕ್ಷರ ಬಂದರೂ ಕೇಳಲ್ಲ, ಕೆಲಸ ಬಿಡಿಸಿ ಮನೇಲಿ ಕೂರಿಸ್ತೀನಿ ಅಂತ.

ಕೇಳಿಸ್ತಿದೆಯಾ ಕೆಳಗೆ? ಪಂಚಾಂಗ ತೆಗೆದಿದ್ದಾರೆ. ನಾವು ಇಳಿಯೋ ಹೊತ್ತಿಗೆ ದಿನ ಗೊತ್ತಾಗಿರುತ್ತೆ. ನಾನು ಬೇಡ ಅಂದರೆ ಈ ಮನೆಯಲ್ಲಿ ಇನ್ನು ಯಾರೂ ಕೇಳಲ್ಲ. ಅದಕ್ಕೆ... ಅದಕ್ಕೇ ನಿಮ್ಮನ್ನ ಕೇಳ್ತಿದ್ದೀನಿ. ನೀವೇ ಕೆಳಗೆ ಹೋಗಿ ಹೇಳಿಬಿಡಿ. ನೀವೇ ಹೇಳಿದರೆ ಅಪ್ಪ ಕೂತು ಕೇಳ್ತಾರೆ.

ಏನು ಅಂದ್ರೆ... ಸರಸಳ ವಿಷಯ.

ಅಯ್ಯೋ, ಕಾಫಿ ಚೆಲ್ಲುತ್ತೆ... ಓ. ಇಲ್ಲ. ಚೆಲ್ಲಲಿಲ್ಲ. ನಿಮ್ಮ ಕೈ ಎಷ್ಟು ಸ್ಥಿರವಾಗಿದೆ. ನಾನಾಗಿದ್ದರೆ ಟಂಬ್ಲರೇ ಬಿದ್ದಿರೋದು.

ತಿರುವೊಟ್ಟಿಯೂರಿನ ಮನೆ. ಗುಂಡಣ್ಣ ಮಾಮ ಹೇಳಿದ್ದರು, ಕಾರ್ಖಾನೆಯ ಹತ್ತಿರ ಒಬ್ಬರೇ ಇದ್ರಿ, ಮೆಸ್ಸಿನ ಊಟ, ಹುಡುಗ ಸೊರಗಿಹೋಗಿದ್ದ ಅಂತ. ಅದನ್ನ ಕೇಳಿಯೇ ಅಮ್ಮ ಇವತ್ತು ಎರಡು ಸಿಹಿ ಮಾಡಿದ್ದು. ನಾನು... ಅಭ್ಯಾಸ ನೋಡಿ, ಬೇರೆ ಯಾರದೋ ವಿಳಾಸಕ್ಕೆ ಅಲ್ಲಿನ ಮುನ್ಸಿಪಾಲಿಟಿಗೆ ಹೋಗಿದ್ದೆ. ಹೋದವಳು ಸುಮ್ಮನೆ ನಿಮ್ಮ ಬೀದಿಯ ಓಟರ್ ಲಿಸ್ಟನ್ನೂ ಕೇಳಿದೆ. ಅಪ್ಪ ಬೇಡ ಅಂದಿದ್ದರು, ಗೊತ್ತು. ಲಿಸ್ಟು ತಮಿಳಿನಲ್ಲಿರುತ್ತೆ. ಸ್ಕೂಲಲ್ಲಿ ನಾನು ಹಿಂದಿ ತಗೊಂಡವಳು, ತಮಿಳು ಅಕ್ಷರ ಬೆರಳಿಟ್ಟು ಕೂಡಿಸ್ಕೊಂಡು ಓದಬೇಕು. ಸಂ-ಜೀ-ವ. ಸರಿ, ನೀವಿದ್ದೀರಿ ಅಂತ ಮುಚ್ಚೋಕೆ ಹೋದೆ. ಅದರ ಕೆಳಗೇ, ಅದೇ ಮನೆ ನಂಬರು. ಸ-ರ-ಸ. ಗಂಡನ ಹೆಸರು ಸಂಜೀವ.

ಕೋಪ ಬಂತಾ? ನನಗೆ ಬರಲಿಲ್ಲ. ನಿಜವಾಗಲೂ. ನಿಮ್ಮಮ್ಮನಿಗೆ ಗೊತ್ತಿಲ್ಲ, ಅಲ್ವಾ? ಆಗ ಅವರು ಹೊಸಪೇಟೆಯಲ್ಲಿ ನಿಮ್ಮಣ್ಣನ ಮನೇಲಿದ್ದರು. 'ನನ್ನ ಸಣ್ಣ ಮಗನಿಗೆ ಮದುವೆ ಅಂದ್ರೇನೇ ಅಲರ್ಜಿ ಇತ್ತು, ಈಗ ಮನಸ್ಸು ಮಾಡಿದಾನೆ' ಅಂದರಲ್ಲ, ಆವಾಗ ಅವರ ಮುಖ ನೋಡ್ತಿದ್ದೆ. ಅವರು ನಂಬಿ ಹೇಳ್ತಿದ್ದಾರೆ. ಆಮೇಲೆ ನಿಮ್ಮ ಮುಖ ನೋಡಿದೆ. ನೀವು ಚಕ್ಕುಲಿ ಮುರೀತಿದ್ರಿ. ಒಂದು ಚೂರೂ ತಟ್ಟೆಯಿಂದ ಆಚೆ ಬೀಳದ ಹಾಗೆ.

ಪೂರ್ತಿ ಕೇಳಿ, ಪ್ಲೀಸ್. ಅದರ ಮುಂದಿನ ವರ್ಷದ ಲಿಸ್ಟೂ ನೋಡಿದೆ. ಕೊನೆ ಪುಟದಲ್ಲಿ ತೆಗೆದುಹಾಕಿದ ಹೆಸರುಗಳಿರುತ್ತವೆ. ತೀರಿಕೊಂಡಿದ್ದರೆ ಒಂದು ಗುರುತು, ಮನೆ ಬದಲಾಯಿಸಿದ್ದರೆ ಇನ್ನೊಂದು. ಸರಸಳ ಹೆಸರಿಗೆ ಮನೆ ಬದಲಾಯಿಸಿದ ಗುರುತು ಹಾಕಿದ್ದಾರೆ. ಅವಳೊಬ್ಬಳಿಗೇ. ನಿಮ್ಮ ಹೆಸರು ಅದೇ ಮನೆಯಲ್ಲಿ ಹಾಗೇ ಇದೆ. ಲಿಸ್ಟಿಗೆ ಹೆಸರು ಬರ್ಕೊಳ್ಳೋರು ಮನೆಗೆ ಬಂದಾಗ ಬಾಗಿಲಲ್ಲಿ ನಿಂತು ನೀವೇ ಹೇಳಿರಬೇಕು, ಇಲ್ಲಿಲ್ಲ, ಹೋದಳು ಅಂತ. ಅವರು ಬರ್ಕೊಂಡು ಪಕ್ಕದ ಮನೆಗೆ ಹೋಗಿರ್ತಾರೆ. ಅವರಿಗೇನು.

ನನಗೆ ಪಾಪ ಅನ್ನಿಸ್ತು. ಸಂಕಟ ಆಯ್ತು ಅಂದ್ರೂ ಸರಿ. ಹೆಂಡತಿ ಬಿಟ್ಟುಹೋದಳು ಅಂತ ಯಾವ ಗಂಡಸು ಬಾಯಿಬಿಟ್ಟು ಹೇಳ್ತಾನೆ? ಅದೂ ಗುಂಡಣ್ಣ ಮಾಮನ ಹತ್ತಿರ! ಸಂಜೆಯೊಳಗೆ ಮೈಲಾಪುರದಲ್ಲೆಲ್ಲ ಸುದ್ದಿ. ಅದಕ್ಕೇ ಮುಚ್ಚಿಟ್ಟಿದ್ದೀರಿ ಅಂದ್ಕೊಂಡೆ. ಎರಡನೇ ಮದುವೆ ಅಂದರೆ ನಮ್ಮಮ್ಮ ಒಂದು ದಿನ ಅಳ್ತಾರೆ, ಅಪ್ಪ ಒಂದು ವಾರ ಗುರ್ ಅಂತಾರೆ. ಅಷ್ಟೆ. ಡೈವೋರ್ಸ್ ಆಗಿಲ್ಲ ಅಂದ್ರೆ ಆಗೋವರೆಗೂ ಕಾಯೋಣ. ನಿಜ ಹೇಳಿದ ಮೇಲೂ ನಮ್ಮಪ್ಪ ಒಪ್ಪಿದರೆ ನಾನೂ...

ಹೆದರಬೇಡಿ, ಯಾರಿಗೂ ಹೇಳಿಲ್ಲ ನಾನು. ಅಪ್ಪನಿಗೂ ಇಲ್ಲ, ಆಫೀಸಿನಲ್ಲೂ ಇಲ್ಲ. ಇದು ನಿಮ್ಮ ಸ್ವಂತ ವಿಷಯ, ಬೇರೆಯವರ ಬಾಯಿಗೆ ಯಾಕೆ ಬೀಳಬೇಕು ಅಂತ. ಈ ಕ್ಷಣಕ್ಕೆ ನಿಮಗೆ ಗೊತ್ತು, ನನಗೆ ಗೊತ್ತು.

ಯಾಕೆ ಹಾಗೆ ನೋಡ್ತಿದ್ದೀರಿ?

...ಇನ್ನೊಂದು ಹೇಳಲಾ? ಬೈಬೇಡಿ. ಅವಳನ್ನ ನೋಡಿಕೊಂಡು ಬಂದೆ.

ಹೂಂ. ಸರಸನ್ನ.

ವಡಪಳನಿಯಲ್ಲಿದ್ದಾಳೆ. ಮುರುಗನ ಗುಡಿ ಹಿಂದೆ ಒಂದು ಬೀದಿ, ಸಿನಿಮಾದವರಿಗೆ ಬಟ್ಟೆ ಹೊಲಿದುಕೊಡೋ ಅಂಗಡಿ. ಮಿಷಿನ್ ಮೇಲೆ ರಾಜಕುಮಾರಿ ಲಂಗ, ಪಕ್ಕದಲ್ಲಿ ಪೊಲೀಸ್ ಯೂನಿಫಾರ್ಮು, ಎಲ್ಲಾ ಒಂದೇ ರಾಶಿ! ಅದರ ನಡುವೆ ಕೂತಿದ್ದಳು. ಒಳ್ಳೇ ಹುಡುಗಿ. ನನಗೆ ಸ್ಟೂಲ್ ಹಾಕಿ, ಟೀ ತರಿಸಿದಳು. ನಿಮ್ಮ ಹೆಸರು ಎತ್ತಿದೆ. ಮಿಷಿನ್ ತುಳಿಯೋದು ನಿಲ್ಲಿಸಿಬಿಟ್ಟಳು...

...

ಕೇಳಿಸ್ತಾ ನಾನು ಹೇಳಿದ್ದು? ವಡಪಳನಿ ಅಂದೆ. ಇಲ್ಲಿಂದ ಬಸ್ಸಿನಲ್ಲಿ ಹೋದರೆ ಎಷ್ಟು ಹೊತ್ತು. ನಾಳೆ ಬೇಕಾದರೂ ಹೋಗಿ ನೋಡಬಹುದು ನೀವು.

ಏನೂ ಕೇಳಲ್ವಾ? ಹೇಗಿದ್ದಾಳೆ ಅಂತ... ಏನಂದಳು ಅಂತ... ಬೈಯಬೇಕು ಅನಿಸಿದರೆ ಬೈಯಿರಿ, ನನ್ನನ್ನಾಗಲಿ ಅವಳನ್ನಾಗಲಿ. ನೀವು ಸಮುದ್ರ ನೋಡ್ತಿದ್ದೀರಲ್ಲ.

ಮಗು ಇದೆ ಅವಳಿಗೆ. ಹೆಣ್ಣು ಮಗು. ಮಿಷಿನ್ ಕೆಳಗೆ ಬಟ್ಟೆ ಚೂರು ಇಟ್ಕೊಂಡು ಆಡ್ತಿತ್ತು. ಮೂಗು ಥೇಟ್ ನಿಮ್ಮದೇ. ನಾನು ಹೆಸರು ಕೇಳಿದೆ, ನಾಚಿಕೊಂಡು ಅಮ್ಮನ ಹಿಂದೆ...

ಯಾಕೆ ನಗ್ತಿದ್ದೀರಿ?

ಇಲ್ಲ, ನಕ್ಕಿರಿ. ಈಗ ನಕ್ಕಿರಿ ನೀವು. ನಾನು ಮಗು ಅಂದಾಗ. ಸಣ್ಣವರು ಕಥೆ ಹೇಳಿದರೆ ದೊಡ್ಡವರು ಕೇಳ್ತಾ ನಗ್ತಾರಲ್ಲ, ಹಾಗೆ... ಆಗಿನಿಂದ ಅದೇ ನಗು ಇತ್ತು ನಿಮ್ಮ ಮುಖದಲ್ಲಿ. ವಡಪಳನಿ ಅಂದಾಗಿನಿಂದ. ನಾನು ಗಮನಿಸಲಿಲ್ಲ... ಇಲ್ಲ, ಗಮನಿಸಿದೆ. ಅರ್ಥ ಆಗಲಿಲ್ಲ.

ನೋಡಿ... ನಮ್ಮ ಆಫೀಸಿನಲ್ಲಿ ಮಧುಸೂದನ್ ಸರ್ ಅಂತ. ಅವರು ಕಲಿಸಿದ್ದು. ಗೊತ್ತಿಲ್ಲದ್ದನ್ನ ಗೊತ್ತಿರೋ ಹಾಗೆ ಹೇಳಿಬಿಡಬೇಕಂತೆ, ಜನ ತಾವಾಗೇ ತಿದ್ದುತ್ತಾರಂತೆ. 'ನೀವು ಕೊಯಮತ್ತೂರಲ್ಲಿದ್ರಲ್ಲ' ಅಂದ್ರೆ ಸಾಕು, 'ಅಲ್ಲ ಸರ್, ತಿರುಚ್ಚಿ' ಅಂತಾರೆ. ಎಲ್ಲರೂ ಹೇಳ್ತಾರೆ. ನನಗೆ ಯಾವತ್ತೂ ತಪ್ಪಿಲ್ಲ. ನೀವೂ ಹೇಳ್ತೀರಿ ಅಂದ್ಕೊಂಡೆ. 'ವಡಪಳನಿಯಾ? ಅವಳು ಮಧುರೈಗೆ ಹೋದಳಲ್ಲ' ಅಂತಲೋ... ಇಲ್ಲಾ ಗಾಬರಿಯಾಗಿ 'ಎಲ್ಲಿ, ಯಾವ ಬೀದಿ' ಅಂತಲೋ. ಕೋಪ ಬರುತ್ತೆ, ಕೆಳಗೆ ಹೋಗಿ ಸಂಬಂಧ ಬೇಡ ಅಂತೀರಿ ಅಂತಲೂ ಯೋಚನೆ ಮಾಡಿದ್ದೆ. ನಗ್ತೀರಿ ಅಂತ ಮಾತ್ರ...

ಹೂಂ. ಸುಳ್ಳು. ಹೇಳಿದೆನಲ್ಲ, ಸುಳ್ಳು. ಅವಳನ್ನ ನಾನು ನೋಡಿಲ್ಲ. ಅಂಗಡಿ ಸುಳ್ಳು, ಮಗು ಸುಳ್ಳು. ಕೈಗೆ ಸಿಕ್ಕ ಲಿಸ್ಟೆಲ್ಲ ಹುಡುಕಿದೆ. ಅಡ್ಯಾರ್, ಸೈದಾಪೇಟೆ, ವಡಪಳನಿ... ಮನೆ ಬದಲಾಯಿಸಿದವಳು ಯಾವ ಮನೆಗೂ ಹೋಗಿ ಸೇರಿಲ್ಲ. ಊರು ಬಿಟ್ಟಿರಬೇಕು, ಹೆಸರು ಬರೆಸಿರಲ್ಲ ಅಂತ ನಾನೇ ಸಮಾಧಾನ ಮಾಡ್ಕೊಂಡೆ.

ಏನು? ...ಕೆಳಗೆ ಹೋಗೋಣ ಅಂತೀರಾ? ಹೋಗಿ ಏನು ಹೇಳ್ತೀರಿ?

ಒಪ್ಪಿಗೆ ಅಂತಲಾ?

ಟಂಬ್ಲರ್ ನಾನೇ ತರ್ತೀನಿ. ಬೇಡ, ಕೈ ಹಿಡೀಬೇಡಿ, ಮೆಟ್ಟಿಲು ನನಗೆ ಗೊತ್ತು... ಅಲ್ಲ, ಒಂದು ನಿಮಿಷ. ಒಂದೇ ಒಂದು. ಆಮೇಲೆ ನಿಮ್ಮಿಷ್ಟ.

ಬಿಟ್ಟುಹೋದವಳು ಎಲ್ಲಿ ಬೇಕಾದರೂ ಇರಬಹುದಲ್ಲ? ಮಧುರೈಯಲ್ಲಿರಬಹುದು, ಬೊಂಬಾಯಿಯಲ್ಲಿರಬಹುದು, ವಡಪಳನಿಯಲ್ಲೂ ಇರಬಹುದು. ನಾನು ಹೇಳಿದ್ದು ನಿಜ ಇದ್ದರೂ ಇರಬಹುದು ಅಂತ ಒಂದು ಚೂರಾದರೂ ಅನಿಸಬೇಕಿತ್ತು ನಿಮಗೆ.

ಮೊದಲನೇ ಮಾತಿಗೇ ನಕ್ಕಿರಲ್ಲ... ಸರಸನ್ನ ಯಾರೂ ನೋಡಿರೋಕೆ ಸಾಧ್ಯವಿಲ್ಲ ಅಂತ ನಿಮಗೆ ಹೇಗೆ ಗೊತ್ತು?

...

ಹೇಳಿ.